ಹಿತ್ತಲಿನ ಪ್ಯಾರಲಲ್ ಫೋನು

ಮೊದಲೇ ಹೇಳಿಬಿಡುತ್ತೇನೆ. ಮಾತು ತೊದಲುವ ಒಬ್ಬ ಹಿರಿಯರ ಹೆಸರು ಹೇಳಿಕೊಂಡು, ಅವರದೇ ಫೋನಿನಲ್ಲಿ, ಅವರದೇ ದನಿಯಲ್ಲಿ ನಾನು ಕಸ್ಟಮರ್ ಕೇರ್‌ನವರ ಜೊತೆ ಮಾತಾಡಿದೆ. ಅವರ ಹಾಗೆ ತೊದಲಿದೆ ಕೂಡ. ಆ ಕಡೆಯವರಿಗೆ ಅವರ ದನಿಯ ಗುರುತೇ ಇರಲಿಲ್ಲ, ಹಾಗಾಗಿ ತೊದಲುವ ಅಗತ್ಯ ಒಂದು ಚೂರೂ ಇರಲಿಲ್ಲ. ಆದರೂ ತೊದಲಿದೆ, ಚೆನ್ನಾಗಿ ಬರುತ್ತಿತ್ತು ಅಂತ. ಇದನ್ನು ಹೇಳದೆ ಮೋಡೆಮ್ಮು, ಆಂಟೆನಾ, ಕೇಬಲ್ಲು ಅಂತ ಶುರು ಮಾಡಿದರೆ ನಾನೇನೋ ದೊಡ್ಡ ಕೆಲಸಗಾರ ಅನ್ನಿಸಿಬಿಡುತ್ತದೆ.

ಎರಡು ಸಾವಿರದ ಏಳೋ ಎಂಟೋ ಇರಬೇಕು. ವಿಜಯನಗರದಲ್ಲಿ ಕಂಪ್ಯೂಟರ್ ಜೋಡಿಸಿ ಮಾರುವ ಅಂಗಡಿಯೊಂದರಲ್ಲಿ ನಾನು ಸರ್ವಿಸ್ ಹುಡುಗ. ಮನೆಯೊಳಗೆ ತಂತಿಯಿಲ್ಲದೆ ಇಂಟರ್ನೆಟ್ ಓಡಾಡುವುದು ಆಗಿನ್ನೂ ಬೆರಗಿನ ಸಂಗತಿ. ಅದನ್ನು ಹಾಕಿಕೊಡಲು ಬೈಕಿನಲ್ಲಿ ಹೋಗಿ ಬರುವವನಿಗೆ ಕಾಫಿ ಅಂತೂ ತಪ್ಪುತ್ತಿರಲಿಲ್ಲ. ನನಗೆ ಕಾಫಿ ಜೊತೆ ಚಪ್ಪಾಳೆಯೂ ಬೇಕಿತ್ತು. ಹಳೇ ಡಯಲಪ್ ಮೋಡೆಮ್ ಕಿರುಚುವುದು, ಸೊಪ್ಪಿನವಳು ಕೂಗುವುದು, ‘ನಿಮ್ಮ ಕರೆ ನಮಗೆ ಮುಖ್ಯವಾಗಿದೆ’ ಅನ್ನುವ ರೆಕಾರ್ಡಿನ ಹೆಂಗಸು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು. ಎಲ್ಲರಿಗಿಂತ ಚೆನ್ನಾಗಿ ಬರುತ್ತಿದ್ದುದು ನಮ್ಮ ಅಂಗಡಿ ಓನರ್ ದನಿ. ಗಿರಾಕಿ ಸಿಟ್ಟಾದಾಗ ಅವರು ಕುತ್ತಿಗೆಯನ್ನು ಒಂದು ಕಡೆ ವಾಲಿಸಿ, ದನಿಯನ್ನು ತುಪ್ಪದಲ್ಲಿ ಅದ್ದಿ, ‘ನಮ್ದೇ ತಪ್ಪು ಸಾರ್, ಮನಸ್ಸಿಗೆ ಹಚ್ಕೋಬೇಡಿ ಸಾರ್’ ಅನ್ನುತ್ತಿದ್ದರು. ಅವರು ಊಟಕ್ಕೆ ಹೋದಾಗ ಅಂಗಡಿ ಫೋನಿನಲ್ಲಿ ಅವರ ಪರವಾಗಿ ಕ್ಷಮೆ ಕೇಳುವ ಕೆಲಸವೂ ನನಗೇ ಬಿದ್ದಿತ್ತು. ಯಾರಿಗೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ.

ಬಸವೇಶ್ವರನಗರದ ಆ ಮನೆಗೆ ಹೋದದ್ದು ಒಂದು ಸೋಮವಾರ. ರಸ್ತೆಗೆ ದೊಡ್ಡ ಮನೆ, ಹಿತ್ತಲಲ್ಲಿ ಶೀಟು ಹೊದಿಸಿದ ಔಟ್‌ಹೌಸು, ನಡುವೆ ಸಂಪು, ಒಗೆಯುವ ಕಲ್ಲು, ಒಂದು ಸೀಬೆ ಗಿಡ. ಮನೆ ಮಾಲೀಕರು ಸರ್ಕಾರಿ ಕಚೇರಿಯ ಲೆಕ್ಕಪತ್ರ ವಿಭಾಗದಿಂದ ನಿವೃತ್ತರಾದವರು. ಹೆಂಡತಿ ಇನ್ನೂ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು, ಹಾಗಾಗಿ ಹಗಲು ಮನೆಯಲ್ಲಿ ಇವರೊಬ್ಬರೇ. ಬ್ರಾಡ್‌ಬ್ಯಾಂಡ್ ಹಾಕಿಸಿದ್ದು ಚೆಸ್ ಆಡಲು. ಯಾವ ಯಾವುದೋ ದೇಶದವರ ಜೊತೆ ಕಂಪ್ಯೂಟರಿನಲ್ಲಿ ಆಡುತ್ತಿದ್ದರು. ಅಲ್ಲಿ ಯಾರೂ ಮಾತಾಡಿಸುವುದಿಲ್ಲ, ಕುದುರೆ ನಡೆಸಿದರೆ ಸಾಕು.

ಅವರಿಗೆ ಒಂದು ಮಾತು ಆಡಿ ಮುಗಿಸಲು ಹೊತ್ತು ಹಿಡಿಯುತ್ತಿತ್ತು. ಹೆಸರಿನ ಮೊದಲ ಅಕ್ಷರದಲ್ಲೇ ನಿಂತು, ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿ, ಆಮೇಲೆ ಮುಂದಿನ ಅಕ್ಷರಕ್ಕೆ ದಾಟುತ್ತಿದ್ದರು. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಅವರ ಮಾತು ಬಂದ ಕಡೆ ನೆಟ್ಟಗೆ ಬರೆಯುತ್ತೇನೆ.

ಹೋದ ದಿನವೇ ನನ್ನ ಕಲೆಯ ಪ್ರದರ್ಶನವಾಯಿತು. ಅವರು ಕೆಮ್ಮು ಬರುವ ತನಕ ನಕ್ಕರು. ಕಣ್ಣೊರೆಸಿಕೊಂಡು, "ನನ್ನದೂ ಮಾಡ್ತೀಯೇನಪ್ಪಾ?" ಅಂತ ಕೇಳಿದರು.

"ಛೆ, ನಿಮ್ದು ಹೆಂಗೆ ಮಾಡ್ಲಿ ಸಾರ್" ಅಂದೆ. ಆ ಹೊತ್ತಿಗಾಗಲೇ ಮನಸ್ಸಿನೊಳಗೆ ಅರ್ಧ ಮಾಡಿ ಮುಗಿಸಿದ್ದೆ.

ತೊಂದರೆ ಇದ್ದದ್ದು ಅವರಿಗಲ್ಲ, ಔಟ್‌ಹೌಸಿನ ಬಾಡಿಗೆಯವರಿಗೆ. ಧಾರವಾಡದ ಕಡೆಯ ಅಕ್ಕ, ಗಂಡನಿಗೆ ಪೀಣ್ಯದಲ್ಲಿ ಶಿಫ್ಟ್ ಕೆಲಸ, ಸೀರೆಯ ಜೋಳಿಗೆಯಲ್ಲಿ ಇನ್ನೂ ಅಂಬೆಗಾಲಿಡದ ಕೂಸು. ಅಕ್ಕನದು ಮನೆಯಲ್ಲೇ ಕೂತು ಮಾಡುವ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್. ಅಮೆರಿಕದ ಡಾಕ್ಟರು ರೋಗಿಯ ಬಗ್ಗೆ ಬಾಯಲ್ಲಿ ಹೇಳಿದ್ದು ಫೈಲಾಗಿ ಇಲ್ಲಿಗೆ ಬರುತ್ತದೆ. ಅಕ್ಕ ಕಿವಿಗೆ ಹೆಡ್‌ಫೋನ್ ಹಾಕಿ, ಕಾಲಿನ ಪೆಡಲ್‌ನಲ್ಲಿ ದನಿಯನ್ನು ನಿಲ್ಲಿಸಿ, ಹಿಂದಕ್ಕೆ ತಂದು, ಮತ್ತೆ ಕೇಳಿ, ಟೈಪ್ ಮಾಡಿ ಕಳಿಸಬೇಕು. ಕಂಪ್ಯೂಟರ್ ಕಂಪನಿಯದು, ಇಂಟರ್ನೆಟ್ ಮಾಲೀಕರದು, ಬಾಡಿಗೆಯೊಳಗೇ ಸೇರಿತ್ತು. ಆ ಇಂಟರ್ನೆಟ್ಟು ಹಿತ್ತಲಿಗೆ ಬರುವಷ್ಟರಲ್ಲಿ ಸುಸ್ತಾಗಿ ಕೂತುಬಿಡುತ್ತಿತ್ತು.

"ತಮ್ಮಾ, ಕಂಪನಿಯವ್ರು ಶುಕ್ರವಾರದ ಮಟ ನೋಡ್ತಾರಂತ" ಅಂದರು ಅಕ್ಕ. "ಅವತ್ತ ನಾಕರ ಒಳಗ ಫೈಲ್ ಮುಟ್ಟಲಿಲ್ಲಂದ್ರ ಮನಿ ಕೆಲಸ ಬ್ಯಾಡ, ಆಫೀಸಿಗೆ ಬರ್ರಿ ಅಂತಾರ. ಆಫೀಸ್ ಊರಿನ ಆ ತುದೀಗ ಐತಿ. ಈ ಕೂಸು ಬಿಟ್ಟು ನಾ ಹೆಂಗ ಹೋಗ್ಲಿ?"

ಶುಕ್ರವಾರದವರೆಗೆ ಯಾಕೆ, ಇವತ್ತೇ ಓಡಿಸ್ತೀನಿ ಬಿಡಿ ಅಂದೆ. ಕೂಸಿಗೆ ಕಾಗೆ ದನಿ ಮಾಡಿ ತೋರಿಸಿದೆ. ಅಕ್ಕ ಕೆಲಸ ಹೇಗೆಂದು ತೋರಿಸಲು ಹೆಡ್‌ಫೋನನ್ನು ನನ್ನ ಕಿವಿಗೆ ಕೊಟ್ಟರು. ಅದರಲ್ಲೊಬ್ಬ ಡಾಕ್ಟರು ಮಾಲೀಕರಂತೆಯೇ ಒಂದೊಂದು ಪದಕ್ಕೂ ತಡವರಿಸುತ್ತಿದ್ದ. ನನ್ನ ತುಟಿ ಆಗಲೇ ಅವನ ದನಿಗೆ ಅಳತೆ ತೆಗೆಯುತ್ತಿತ್ತು. ಇವನದು ಟೈಪ್ ಮಾಡೋದು ಹೇಗೆ ಅಂತ ನಗುತ್ತಾ ಕೇಳಿದೆ.

"ಹೇಳಿದ್ದಷ್ಟ ಬರೀತೀನಿ. ತಡದಿದ್ದು ಬರಿಯಂಗಿಲ್ಲ" ಅಂದರು, ಪರದೆಯಿಂದ ಕಣ್ಣು ತೆಗೆಯದೆ.

ಈಗ ನಾನೂ ಹಾಗೇ ಬರೆಯುತ್ತಿದ್ದೇನೆ. ಕಲಿಯುವುದು ತಡವಾಯಿತು ಅಷ್ಟೇ.

ಮೋಡೆಮ್ಮು ಹಜಾರದಲ್ಲಿ ಟೀವಿಯ ಹಿಂದೆ ನೆಲದ ಮೇಲೆ ಮಲಗಿತ್ತು. ಅದಕ್ಕೂ ಹಿತ್ತಲಿಗೂ ನಡುವೆ ಆಳೆತ್ತರದ ಕನ್ನಡಿಯ ಕಬ್ಬಿಣದ ಬೀರು, ಅಡುಗೆಮನೆಯ ಗೋಡೆ, ಸ್ಟೀಲ್ ಪಾತ್ರೆಯ ಸ್ಟ್ಯಾಂಡು. ರೇಡಿಯೋ ಅಲೆಗೆ ಇವೆಲ್ಲ ದಾಟಲಾಗದ ಹೊಳೆ. ಮೋಡೆಮ್ಮನ್ನು ಶೋಕೇಸಿನ ನೆತ್ತಿಗೆ ಏರಿಸಿದೆ, ಆಂಟೆನಾ ನೆಟ್ಟಗೆ ನಿಲ್ಲಿಸಿದೆ, ಬಿಸ್ಕತ್ತಿನ ಡಬ್ಬದ ತಗಡು ಕತ್ತರಿಸಿ ಬಿಲ್ಲಿನಂತೆ ಬಗ್ಗಿಸಿ ಅದರ ಬೆನ್ನಿಗಿಟ್ಟೆ, ಅಲೆಯೆಲ್ಲ ಹಿತ್ತಲ ಕಡೆಗೇ ತಿರುಗಲಿ ಅಂತ. ಪಕ್ಕದ ಮನೆಯವರ ವೈರ್‌ಲೆಸ್ಸೂ ನಮ್ಮದೂ ಒಂದೇ ಚಾನೆಲ್ಲಿನಲ್ಲಿ ಕಿತ್ತಾಡುತ್ತಿದ್ದವು. ನಮ್ಮದನ್ನು ದೂರದ ಚಾನೆಲ್ಲಿಗೆ ಬದಲಿಸಿದೆ. ಬದಲಿಸಿದ ಕೂಡಲೇ ಮೋಡೆಮ್ ಒಮ್ಮೆ ಸತ್ತು ಹುಟ್ಟುತ್ತದೆ. ಪಕ್ಕದಲ್ಲೇ ಕೂತಿದ್ದ ಮಾಲೀಕರಿಗೆ ಅದನ್ನು ಹೇಳುವುದು ಮರೆತಿದ್ದೆ. ಅವರ ಆಟ ನಡುವೆಯೇ ಕಡಿದುಹೋಯಿತು.

"ಗೆಲ್ತಾ ಇದ್ದೆ" ಅಂದರು. ಅಷ್ಟೇ ಅಂದು, ನನ್ನ ಕೈಗೆ ಕಾಫಿ ಲೋಟ ಕೊಟ್ಟರು.

ಔಟ್‌ಹೌಸಿನಲ್ಲಿ ಒಂದು ಕಡ್ಡಿಯಿದ್ದ ಸಿಗ್ನಲ್ ಮೂರಾಯಿತು. ನಾನು ಸೊಪ್ಪಿನವಳ ದನಿಯಲ್ಲಿ ‘ಸಿಗ್ನಲ್ಲೇ, ಸಿಗ್ನಲ್’ ಅಂತ ಹಿತ್ತಲಲ್ಲಿ ಕೂಗಿ ಮನೆಗೆ ಹೋದೆ. ಮಾರನೇ ದಿನ ಬೆಳಿಗ್ಗೆ ಅಕ್ಕನ ಫೋನ್ ಬಂತು. ಸಿಗ್ನಲ್ ಮೂರು ಕಡ್ಡಿಯೂ ಇದೆ, ಫೈಲ್ ಮಾತ್ರ ಅರ್ಧದಲ್ಲಿ ನಿಂತಿದೆ.

ಮಂಗಳವಾರ ರಿಪೀಟರ್ ತಂದೆ. ಅಡುಗೆಮನೆಯ ಕಿಟಕಿಯಲ್ಲಿ ಕೂತು, ಹಜಾರದ ಪೆಟ್ಟಿಗೆ ಹೇಳಿದ್ದನ್ನು ಕೇಳಿಸಿಕೊಂಡು ಹಿತ್ತಲಿಗೆ ಹಾಗೇ ತಿರುಗಿ ಹೇಳುವ ಪೆಟ್ಟಿಗೆ. ಇದು ನಮ್ಮ ವಂಶದ್ದು ಅಕ್ಕಾ ಅಂದೆ. ಸಿಗ್ನಲ್ ತುಂಬಿ ತುಳುಕಿತು, ಸ್ಪೀಡು ಅರ್ಧಕ್ಕಿಳಿಯಿತು. ಕೇಳುವಾಗ ಹೇಳಲಾಗದು, ಹೇಳುವಾಗ ಕೇಳಲಾಗದು. ಇನ್ನೊಬ್ಬರ ಮಾತನ್ನೇ ತಿರುಗಿ ಹೇಳುವವನ ಪಾಡು ಅದು. ಬುಧವಾರ ಅದನ್ನು ಕಿತ್ತು, ನನ್ನ ಜಂಬವನ್ನೂ ಪಕ್ಕಕ್ಕಿಟ್ಟು, ಕೇಬಲ್ಲೇ ಎಳೆದೆ. ಅಡುಗೆಮನೆಯ ಗವಾಕ್ಷಿಯಿಂದ ಹೊರಗೆ, ಬಟ್ಟೆ ಒಣಗಿಸುವ ತಂತಿಯ ಜೊತೆ ಹಿತ್ತಲು ದಾಟಿ, ಶೀಟಿನ ಸಂದಿಯಿಂದ ಔಟ್‌ಹೌಸಿಗೆ. ಅಕ್ಕನ ಕಂಪ್ಯೂಟರಿಗೂ ಮೋಡೆಮ್ಮಿಗೂ ನಡುವೆ ಇನ್ನು ಗಾಳಿಯ ಹಂಗೇ ಇಲ್ಲ.

ಗುರುವಾರವೂ ಫೈಲ್ ಅರ್ಧದಲ್ಲಿ ನಿಂತಿತು.

ಆಗ ಹೊಳೆಯಿತು. ವೈರ್‌ಲೆಸ್ಸಿನ ತಪ್ಪೇ ಅಲ್ಲ ಇದು. ಲೈನೇ ಸರಿಯಿಲ್ಲ. ಮೊದಲ ದಿನ ಮಾಡಬೇಕಾದ ಮೊದಲ ಕೆಲಸ, ಮೋಡೆಮ್ಮಿನೊಳಗಿನ ಪುಟ ತೆರೆದು ಹೊರಗಿಂದ ಎಷ್ಟು ಬರುತ್ತಿದೆ ಅಂತ ನೋಡುವುದು. ಮನೆಯೊಳಗೆ ಎಷ್ಟು ಹರಡುತ್ತಿದೆ ಅನ್ನುವುದು ಆಮೇಲಿನ ಮಾತು. ಸಂಪಿಗೇ ನೀರಿಲ್ಲದೆ ನಲ್ಲಿ ರಿಪೇರಿ ಮಾಡಿದಂತೆ ನಾನು ಮೂರು ದಿನ ಕುಣಿದಿದ್ದೆ. ಆ ಪುಟದ ಅಂಕಿಗಳಿಗೆ ಯಾರೂ ನಗುವುದಿಲ್ಲ, ಅದಕ್ಕೇ ಇರಬೇಕು ತೆರೆದಿರಲಿಲ್ಲ.

ಶುಕ್ರವಾರ ಬೆಳಿಗ್ಗೆಯೇ ಹೋಗಿ ಮೋಡೆಮ್ಮಿನ ದೀಪವನ್ನು ನೋಡುತ್ತಾ ಕೂತೆ. ಮಧ್ಯಾಹ್ನ ಎರಡರ ಹೊತ್ತಿಗೆ ಫೋನ್ ರಿಂಗಾಯಿತು, ದೀಪ ಆರಿತು. ಫೋನ್ ನಿಂತಿತು, ದೀಪ ಬಂತು. ಮಾತೂ ಇಂಟರ್ನೆಟ್ಟೂ ಒಂದೇ ತಂತಿಯಲ್ಲಿ ಬರುತ್ತವೆ. ಎರಡನ್ನೂ ಬೇರೆ ಮಾಡಲು ಬೆಂಕಿಪೊಟ್ಟಣದಷ್ಟು ಒಂದು ಫಿಲ್ಟರ್ ಪ್ರತಿ ಫೋನಿಗೂ ಬೇಕು. ಹಜಾರದ ಫೋನಿಗೆ ಅದಿತ್ತು. ಅಂದರೆ ಮನೆಯಲ್ಲೆಲ್ಲೋ ಇನ್ನೊಂದು ಫೋನಿರಬೇಕು.

ಮಾಲೀಕರು ಹಣೆ ಚಚ್ಚಿಕೊಂಡರು. ಅವರ ತಂಗಿ ಹಿಂದೆ ಔಟ್‌ಹೌಸಿನಲ್ಲಿ ಹೊಲಿಗೆ ಕ್ಲಾಸ್ ನಡೆಸುವಾಗ ಅಲ್ಲಿಗೊಂದು ಪ್ಯಾರಲಲ್ ಎಳೆಸಿದ್ದರಂತೆ. ಅಕ್ಕನ ಅಕ್ಕಿ ಡ್ರಮ್ಮಿನ ಹಿಂದೆ, ಗೋಡೆಯ ಗೂಡಿನಲ್ಲಿ, ಬೆರಳು ತೂರಿಸಿ ತಿರುಗಿಸುವ ಕಪ್ಪು ಫೋನು ಧೂಳು ಹೊದ್ದು ಕೂತಿತ್ತು. ಗಂಟೆ ತುಕ್ಕು ಹಿಡಿದು ಸದ್ದು ನಿಂತಿತ್ತು, ಆದರೆ ಎತ್ತಿದರೆ ಡಯಲ್ ಟೋನ್ ಇನ್ನೂ ಇತ್ತು. ಅಕ್ಕನಿಗೆ ಅದೊಂದು ತಮಾಷೆಯಾಯಿತು. ನಾನು ಮೇಷ್ಟರಾಗಿ ಪಾಠ ಹೇಳಿದೆ: ಪ್ಯಾರಲಲ್ ಅಂದರೆ ಒಂದೇ ಲೈನಿಗೆ ಎರಡು ಬಾಯಿ, ಇಲ್ಲಿ ನಂಬರ್ ತಿರುಗಿಸಿದರೆ ಅಲ್ಲಿನ ಗಂಟೆ ಟಿಣಿಟಿಣಿ ಅನ್ನುತ್ತದೆ, ಅಲ್ಲಿ ಯಾರಾದರೂ ಎತ್ತಿದರೆ ಇಲ್ಲಿ ದನಿ ತಗ್ಗುತ್ತದೆ. ಈ ಪಾಠ ನೆನಪಿರಲಿ.

ಆ ಫೋನಿಗೂ ಫಿಲ್ಟರ್ ಹಾಕಿದೆ. ಲೈನ್ ಕಡಿಯುವುದು ನಿಂತಿತು. ಆದರೆ ಸ್ಪೀಡ್ ಏರಲಿಲ್ಲ. ಲೈನ್ ಪದೇ ಪದೇ ಕಡಿಯುವುದನ್ನು ಕಂಡು ಟೆಲಿಫೋನ್ ಎಕ್ಸ್‌ಚೇಂಜಿನವರು, ನಿಧಾನವಾಗಿಯಾದರೂ ನಿಲ್ಲಲಿ ಅಂತ ವೇಗವನ್ನೇ ಇಳಿಸಿಬಿಟ್ಟಿದ್ದರು. ಮತ್ತೆ ಏರಿಸಬೇಕಾದರೆ ಗ್ರಾಹಕರು ಫೋನ್ ಮಾಡಿ ಹೇಳಬೇಕು. ಅಕ್ಕನ ಮಧ್ಯಾಹ್ನದ ಫೈಲುಗಳು ಆ ವೇಗದಲ್ಲಿ ಹೊರಟರೆ ನಾಲ್ಕಕ್ಕಲ್ಲ, ರಾತ್ರಿ ಊಟದ ಹೊತ್ತಿಗೆ ಮುಟ್ಟುತ್ತಿದ್ದವು.

ಹಜಾರಕ್ಕೆ ಹೋಗಿ ಮಾಲೀಕರಿಗೆ ಹೇಳಿದೆ. ಅವರು ಕಸ್ಟಮರ್ ಕೇರ್‌ಗೆ ಹಿಂದೊಮ್ಮೆ ಫೋನ್ ಮಾಡಿದ್ದರಂತೆ. ತಮ್ಮ ಹೆಸರಿನ ಮೊದಲ ಅಕ್ಷರದಲ್ಲಿ ಇರುವಾಗಲೇ ಆ ಕಡೆಯಿಂದ ಹಲೋ ಹಲೋ, ಕೇಳಿಸ್ತಿಲ್ಲ ಅಂತ ಇಟ್ಟುಬಿಟ್ಟರಂತೆ. ಇದನ್ನು ಅವರು ನಗುತ್ತಲೇ ಹೇಳಿದರು. ಫೋನ್ ಬೇಡ, ಅರ್ಜಿ ಬರೆದುಕೊಂಡು ನಾಳೆ ಬೆಳಿಗ್ಗೆ ನಾನೇ ಎಕ್ಸ್‌ಚೇಂಜಿಗೆ ಹೋಗುತ್ತೇನೆ ಅಂದರು. ಬಾಡಿಗೆಯವರಿಗೆ ಇವತ್ತೇ ಕೊನೆ ಅನ್ನುವುದನ್ನು ನಾನು ಅವರಿಗೆ ಹೇಳಲೇ ಇಲ್ಲ. ಹೇಳಿದ್ದರೆ ಅವರು ಫೋನ್ ಎತ್ತುತ್ತಿದ್ದರು, ಈಗ ಗೊತ್ತು. ಪಕ್ಕದಲ್ಲಿ ಕೂತು, ಸಾರ್ ನೀವು ಹೆಸರು ಹೇಳಿ, ಮಿಕ್ಕಿದ್ದು ನಾನು ಹೇಳ್ತೀನಿ ಅಂದಿದ್ದರೂ ಮುಗಿಯುತ್ತಿತ್ತು. ಹೊಳೆಯಲಿಲ್ಲ ಅಂದರೆ ಸುಳ್ಳು. ಹೊಳೆಯಿತು. ಆದರೆ ಅದರಲ್ಲಿ ನನ್ನ ಕಲೆಗೆ ಜಾಗ ಇರಲಿಲ್ಲ.

ಔಟ್‌ಹೌಸಿಗೆ ಬಂದು ಕಪ್ಪು ಫೋನೆತ್ತಿ ನಂಬರ್ ತಿರುಗಿಸಿದೆ. ಯಾರಿಗೆ ಅಂತ ಅಕ್ಕ ಕೇಳಿದರು. ನೋಡ್ತಾ ಇರಿ ಅಂತ ಕಣ್ಣು ಹೊಡೆದೆ. ಕನ್ನಡಕ್ಕೆ ಒಂದು ಒತ್ತಿ ಅಂತ ರೆಕಾರ್ಡು ಹೇಳಿತು. ತಿರುಗಿಸುವ ಫೋನಿನಲ್ಲಿ ಒತ್ತುವುದೇನು, ಸುಮ್ಮನೆ ಕಾದೆ. ಕೊನೆಗೆ ಒಬ್ಬ ಹುಡುಗಿ ಬಂದು, ನಾನು ನಿಮಗೆ ಹೇಗೆ ಸಹಾಯ ಮಾಡಲಿ ಅಂದಳು.

ಮಾಲೀಕರ ಹೆಸರಿನ ಮೊದಲ ಅಕ್ಷರದಲ್ಲಿ ನಿಂತೆ. ಕಣ್ಣು ಮುಚ್ಚಿದೆ. ತೊಡೆಯ ಮೇಲೆ ಬೆರಳಿನಿಂದ ತಟ್ಟಿದೆ. ಫೋನಿನಲ್ಲಿ ತೊಡೆ ಕಾಣುವುದಿಲ್ಲ. ಯಾರಿಗಾಗಿ ತಟ್ಟಿದೆ? ಒಂದೇ ಒಂದು ಕಣ್ಣು ತೆರೆದು ಅಕ್ಕನ ಕಡೆ ನೋಡಿದೆ, ನಗು ಬಂತೇನೋ ಅಂತ.

ಅಕ್ಕ ನಗಲಿಲ್ಲ. ಹೆಡ್‌ಫೋನನ್ನು ಕಿವಿಯಿಂದ ಕೆಳಗಿಳಿಸಿ ನನ್ನನ್ನೇ ನೋಡುತ್ತಿದ್ದರು.

ಆಗಲೇ ನಿಲ್ಲಿಸಬಹುದಿತ್ತು. ನಗು ಬರದಿದ್ದರೆ ಮಾಡಿದ್ದು ಸಾಲದು ಅಂದುಕೊಳ್ಳುವ ಜಾತಿ ನಮ್ಮದು. ಇನ್ನಷ್ಟು ತೊದಲಿದೆ. ಲೈನ್ ನಂಬರ್ ಹೇಳಲು ಇಡೀ ಗಂಟಲು ಬಳಸಿದೆ. ನಡುವೆ ಎಲ್ಲೋ ಕಿವಿಯಲ್ಲಿ ಕಟ್ ಅಂತ ಒಂದು ಸದ್ದಾಗಿ ಹುಡುಗಿಯ ದನಿ ತಗ್ಗಿತು. ಹಳೇ ಲೈನು ಅಂದುಕೊಂಡೆ. ಪಾಠ ಹೇಳಿ ಒಂದು ಗಂಟೆಯೂ ಆಗಿರಲಿಲ್ಲ.

ಹುಡುಗಿ ಒಳ್ಳೆಯವಳು. ಈ ಸಲ ಇಟ್ಟುಬಿಡಲಿಲ್ಲ, ಹೇಳಿ ಸಾರ್, ಅರ್ಜೆಂಟಿಲ್ಲ ಅಂತ ಕಾದಳು. ಲೈನಿನ ವೇಗ ಮೊದಲಿನಂತೆ ಏರಿಸುವುದಾಗಿ ಒಪ್ಪಿದಳು.

"ಒಂದೇ ಒಂದು ವೆರಿಫಿಕೇಷನ್ ಸಾರ್. ನಿಮ್ಮ ಹುಟ್ಟಿದ ತಾರೀಖು ಹೇಳಿ."

ನನ್ನ ಬಾಯಿ ತೆರೆದೇ ಇತ್ತು. ತೊದಲಲಿಕ್ಕೂ ಮೊದಲು ಒಂದು ಅಕ್ಷರ ಬೇಕಲ್ಲ, ಅದೂ ಇರಲಿಲ್ಲ. ಅಕ್ಕನ ಗಡಿಯಾರದಲ್ಲಿ ಮೂರು ದಾಟಿತ್ತು. ಹುಡುಗಿ ಮತ್ತೊಮ್ಮೆ, ಸಾರ್, ಲೈನಲ್ಲಿದೀರಾ ಅಂದಳು.

ಆಗ ಫೋನಿನೊಳಗೆ ಮಾಲೀಕರ ದನಿ ಬಂತು. ನನ್ನದಲ್ಲ, ಅವರದ್ದು. ತಾರೀಖು, ತಿಂಗಳು, ವರ್ಷ. ಒಂದೊಂದಕ್ಕೂ ಹೊತ್ತು ತೆಗೆದುಕೊಂಡು, ಒಂದನ್ನೂ ಬಿಡದೆ, ಕೊನೆಯವರೆಗೆ ಹೇಳಿದರು. ಎರಡು ದನಿಯನ್ನೂ ಪಕ್ಕಪಕ್ಕದಲ್ಲಿ ಕೇಳಿದ್ದು ಆಗಲೇ. ನಾನು ಮಾಡಿದ್ದರಲ್ಲಿ ತೊದಲು ಮಾತ್ರ ಇತ್ತು. ಅದನ್ನು ದಾಟಲು ಅವರು ಪಡುತ್ತಿದ್ದ ಕಷ್ಟ ಅದರಲ್ಲಿರಲಿಲ್ಲ.

ಹುಡುಗಿಗೆ ಏನೂ ಗೊತ್ತಾಗಲಿಲ್ಲ. ಥ್ಯಾಂಕ್ಯೂ ಸಾರ್, ಮೋಡೆಮ್ ಹತ್ತು ನಿಮಿಷ ಆಫ್ ಮಾಡಿ ಆನ್ ಮಾಡಿ ಅಂದಳು. ಹಜಾರದ ಫೋನು ಮೊದಲು ಕೆಳಗಿಟ್ಟ ಸದ್ದು ಕೇಳಿತು. ನನ್ನ ಕೈಯಲ್ಲಿದ್ದದ್ದು ಇನ್ನೂ ಕಿವಿಗೇ ಇತ್ತು.

ಅಕ್ಕ ಎದ್ದು ಬಂದು ಅದನ್ನು ನನ್ನ ಕೈಯಿಂದ ತೆಗೆದು ಇಟ್ಟರು. "ಹೋಗ್ರಿ, ಮೋಡೆಮ್ ಬಂದ್ ಮಾಡ್ರಿ" ಅಂದರು. ಅಲ್ಲಿಯವರೆಗೆ ನಾನು ಅವರಿಗೆ ತಮ್ಮ ಆಗಿದ್ದೆ. ಆ ಬಹುವಚನ ಕೇಳಿಸಿಕೊಂಡೇ ಹಿತ್ತಲಿಗಿಳಿದೆ.

ಮೋಡೆಮ್ ಇದ್ದದ್ದು ಹಜಾರದಲ್ಲಿ. ಬೇರೆ ದಾರಿಯಿರಲಿಲ್ಲ. ಸಂಪು, ಒಗೆಯುವ ಕಲ್ಲು, ಸೀಬೆ ಗಿಡ, ನಾನೇ ಎಳೆದ ಕೇಬಲ್ಲು. ಅದರ ಕೆಳಗೆ ತಲೆ ಬಗ್ಗಿಸಿ ದಾಟಿದೆ. ಕೇಬಲ್ ಇದ್ದದ್ದು ನನ್ನ ತಲೆಗಿಂತ ಬಹಳ ಮೇಲೆ.

ಮಾಲೀಕರು ಮೋಡೆಮ್ಮನ್ನು ಆಗಲೇ ಆಫ್ ಮಾಡಿದ್ದರು. ಕಂಪ್ಯೂಟರಿನ ಮುಂದೆ ಕೂತಿದ್ದರು, ಬೆನ್ನು ನನ್ನ ಕಡೆ. ಪರದೆಯ ಮೇಲೆ ಕಡಿದುಹೋದ ಆಟ ಹಾಗೇ ನಿಂತಿತ್ತು. ಈ ಸಲ ಅದನ್ನು ಅವರೇ ಕಡಿದಿದ್ದರು. ನನ್ನನ್ನು ಕೂರು ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಹತ್ತು ನಿಮಿಷ ಇಷ್ಟು ಉದ್ದ ಇರುತ್ತದೆಂದು ನನಗೆ ತಿಳಿದಿರಲಿಲ್ಲ. ಯಾವಾಗಲೂ ಯಾರದೋ ದನಿ ಹಾಕಿ ತುಂಬಿಸಿಬಿಡುತ್ತಿದ್ದೆನಲ್ಲ.

ಹೊತ್ತಾದ ಮೇಲೆ ಅವರೇ ಸ್ವಿಚ್ ಒತ್ತಿದರು. ದೀಪಗಳು ಒಂದೊಂದಾಗಿ ಬಂದವು, ಲೈನಿನ ದೀಪ ಮಿಣುಕಿ ಮಿಣುಕಿ ನಿಂತಿತು. ಮೋಡೆಮ್ಮಿನ ಪುಟ ತೆರೆದೆ. ಅಂಕಿ ಮೂರು ಪಟ್ಟು ಏರಿತ್ತು. ಸ್ವಲ್ಪ ಹೊತ್ತಿಗೆ ಹಿತ್ತಲಿನಿಂದ ಅಕ್ಕ ಕೂಸನ್ನು ಸೊಂಟಕ್ಕೇರಿಸಿಕೊಂಡು ಅಡುಗೆಮನೆಯ ಬಾಗಿಲವರೆಗೆ ಬಂದರು. ಫೈಲುಗಳೆಲ್ಲ ಮುಟ್ಟಿದವಂತೆ, ಮನೆಯಿಂದಲೇ ಮುಂದುವರಿಸಿ ಅಂತ ಆಫೀಸಿನವರು ಹೇಳಿದರಂತೆ. ಹೇಳಿದ್ದು ಮಾಲೀಕರಿಗೆ. "ಭಾಳ ಉಪಕಾರ ಆತ್ರಿ ನಿಮ್ಮಿಂದ" ಅಂದದ್ದೂ ಅವರಿಗೇ. ಅವರು ಕೈ ಎತ್ತಿ ಇರಲಿ ಅನ್ನುವಂತೆ ಆಡಿಸಿದರು. ಕೂಸು ಮಾತ್ರ ನನ್ನ ಕಡೆ ನೋಡಿತು, ಕಾಗೆ ಬರಬಹುದು ಅಂತ.

ಬ್ಯಾಗಿಗೆ ಕ್ರಿಂಪಿಂಗ್ ಇಕ್ಕಳ, ಉಳಿದ ಕೇಬಲ್ಲು, ಬೇಡದ ರಿಪೀಟರ್ ತುಂಬಿದೆ. ಅಕ್ಕ ಹಿಂದಕ್ಕೆ ಹೋದ ಮೇಲೆ ಮಾಲೀಕರ ಕುರ್ಚಿಯ ಪಕ್ಕ ಹೋಗಿ ನಿಂತೆ. ಆ ಹತ್ತು ನಿಮಿಷವೂ ಹೇಳಬೇಕಾದ್ದನ್ನು ಮನಸ್ಸಿನೊಳಗೆ ಜೋಡಿಸುತ್ತಲೇ ಇದ್ದೆ. ಹೇಳಿದೆ. ನನ್ನದೇ ತಪ್ಪು ಸಾರ್, ಮನಸ್ಸಿಗೆ ಹಚ್ಕೋಬೇಡಿ ಸಾರ್ ಅಂದೆ. ದನಿ ಮೆತ್ತಗೆ, ತುಪ್ಪದಲ್ಲಿ ಅದ್ದಿದಂತೆ ಬಂತು. ಕುತ್ತಿಗೆ ತಾನಾಗಿಯೇ ಒಂದು ಕಡೆ ವಾಲಿತ್ತು.

ಮಾಲೀಕರು ಕುರ್ಚಿ ತಿರುಗಿಸಿ ನನ್ನ ಮುಖ ನೋಡಿದರು. ತೊಡೆಯ ಮೇಲೆ ಬೆರಳಿನಿಂದ ಒಮ್ಮೆ ತಟ್ಟಿದರು.

"ಇದು ಯಾರ ದನಿಯಪ್ಪಾ?"